ರಕ್ತದೊತ್ತಡ: ಅಳತೆ ಮತ್ತು ಚಿಕಿತ್ಸೆ

ರಕ್ತದೊತ್ತಡದ ಮೇಲಿನ ಅಂಕಿ ಹೃದಯ ಸಂಕುಚಿಸಿದಾಗಿನ ಒತ್ತಡವನ್ನೂ ಕೆಳಗಿನದು ಅದು ಸಡಿಲಗೊಂಡಾಗಿನ ಒತ್ತಡವನ್ನೂ ಸೂಚಿಸುತ್ತವೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೊದಲನೆಯದು 140 ಅಥವಾ ಎರಡನೆಯದು 90ನ್ನು ಮುಟ್ಟಿದರೆ ಇಲ್ಲವೆ ಮೀರಿದರೆ, ಕುಟುಂಬ ವೈದ್ಯರು ಸಾಮಾನ್ಯವಾಗಿ ಅದನ್ನು ಅಧಿಕ ರಕ್ತದೊತ್ತಡವೆಂದು ನಿರ್ಣಯಿಸುತ್ತಾರೆ. ಮೆಟ್ಟಿಲು ಹತ್ತಿ ಬಂದೊಡನೆ ಅಥವಾ ಮೂತ್ರ ತಡೆದುಕೊಂಡು ಅಳೆಸಿಕೊಂಡರೆ ಅಂಕಿ ಏರಿ ಕಾಣುವುದರಿಂದ, ಅರ್ಧ ಗಂಟೆ ಮೊದಲೇ ಕಾಫಿ, ಬೀಡಿ, ಸಿಗರೇಟುಗಳನ್ನು ಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಅಳೆಸಿಕೊಳ್ಳುವುದು ಲೇಸು. ವೈದ್ಯರೆದುರಿನ ಆತಂಕವೊಂದರಿಂದಲೇ ಒತ್ತಡ ಏರುವ, ‘ಬಿಳಿ ಕೋಟಿನ ಪರಿಣಾಮ’ ಎನ್ನಲಾಗುವ ಸ್ಥಿತಿಯ ಶಂಕೆಯಿದ್ದಲ್ಲಿ ಮನೆಯಲ್ಲಿ ಅಳೆದು ಬರೆದಿಟ್ಟ ಅಂಕಿಗಳು ನಿರ್ಣಯಕ್ಕೆ ನೆರವಾಗುತ್ತವೆ.

ಒತ್ತಡ ತಗ್ಗಿಸಲು ದಿನದ ಉಪ್ಪನ್ನು 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ ಕಡಿಮೆ ಇರಿಸುವವರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವುದನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ನಿತ್ಯದ ನಡಿಗೆಯೂ ತೂಕದ ಹತೋಟಿಯೂ ರಕ್ತದೊತ್ತಡದ ಮಾತ್ರೆಗಳ ಕೆಲಸಕ್ಕೆ ಬಲ ಕೊಡುತ್ತವೆ. ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳು ಒತ್ತಡವನ್ನು ಏರಿಸಬಲ್ಲವಾದ್ದರಿಂದ ಅವುಗಳ ಬಳಕೆಯನ್ನು ವೈದ್ಯರಿಂದ ಮುಚ್ಚಿಡಬಾರದು. ಹೆಚ್ಚಿನವರಲ್ಲಿ ಈ ಕಾಯಿಲೆ ಯಾವ ಲಕ್ಷಣವನ್ನೂ ತೋರದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಹಾಳುಗೆಡಹುವುದರಿಂದ, ತಲೆನೋವಿಲ್ಲವೆಂದೋ ಅಂಕಿ ಇಳಿದಿದೆಯೆಂದೋ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ತರವಲ್ಲ. ಎದೆನೋವು, ಮಾತಿನ ತೊದಲು, ಕೈಕಾಲಿನ ದಿಢೀರ್ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.