ಅವನು ಹೇಳುವ ಮೊದಲು ನೀನೇ ಹೇಳು

ತಮ್ಮಾ, ನಮ್ಮ ಊರು ತಂಬೂರಿಗೆ ಸಾಲ ಹೊಸದಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಗೋವಿನಜೋಳದ ಬೀಜಕ್ಕೆ, ಗೊಬ್ಬರಕ್ಕೆ ಸೊಸೈಟಿಯಲ್ಲೋ ಕಲಘಟಗಿಯ ಬ್ಯಾಂಕಿನಲ್ಲೋ ಸಾಲ ಎತ್ತದ ಮನೆ ಕಡಿಮೆ. ಮಳೆ ಕೈಕೊಟ್ಟರೆ ಅಲ್ಲಿ ಎದುರು ಕೂತು ಮಾತಾಡಬಹುದು. ಆದರೆ ಮೊಬೈಲಿನ ಸಾಲದ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ದುಡ್ಡು ಹಾಕುವವನ ಮುಖ ನಿನಗೆ ಗೊತ್ತಿಲ್ಲ. ಅವನ ಹತ್ತಿರ ಮಾತ್ರ ನಿನ್ನ ಫೋಟೊ, ಆಧಾರ್, ನಿನ್ನ ಫೋನಿನಲ್ಲಿರುವ ಬೀಗರು-ಬಿಜ್ಜರ ನಂಬರು ಎಲ್ಲ ಇವೆ.

5,000 ರೂಪಾಯಿ ಸಾಲ ಎನ್ನುತ್ತಾನೆ, ಶುಲ್ಕ ಮುರಿದುಕೊಂಡು ಮೂರು ಸಾವಿರ ಚಿಲ್ಲರೆ ಹಾಕುತ್ತಾನೆ, ಏಳು ದಿನಕ್ಕೆ ಪೂರ್ತಿ ಕೇಳುತ್ತಾನೆ. ಇಲ್ಲವೆಂದರೆ ಇದನ್ನು ತೀರಿಸಲು ಸಾಲ ಕೊಡುವ ಇನ್ನೊಂದು ಆ್ಯಪ್ ತೋರಿಸುತ್ತಾನೆ. ಅದನ್ನು ಮುಟ್ಟಲೇಬೇಡ.

2023ರ ಜುಲೈಯಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಹುಡುಗನೊಬ್ಬ ಇಂಥ ಕಾಟಕ್ಕೆ ಪ್ರಾಣ ಕಳೆದುಕೊಂಡ. 22 ವರ್ಷ. ಹಡೆದವರಿಗೆ ಸಾಲ ತೀರಿಸುವುದು ಕಷ್ಟವಾದೀತು. ಮಗನಿಲ್ಲದ ಮನೆಯಲ್ಲಿ ದಿನ ದೂಡುವುದು ಅದಕ್ಕಿಂತ ಎಷ್ಟು ಕಷ್ಟ, ಯೋಚಿಸು.

ಸಾಲದ ಆ್ಯಪ್‌ನವನು ದುಡಿಸಿಕೊಳ್ಳುವುದು ನಿನ್ನ ಮರ್ಯಾದೆಯ ಅಂಜಿಕೆಯನ್ನು. 'ನಿಮ್ಮ ಅಪ್ಪನಿಗೆ ಫೋನ್ ಮಾಡ್ತೀನಿ' ಎಂದನೇ? ಅವನಿಗಿಂತ ಮೊದಲು ನೀನೇ ಅಪ್ಪನ ಮುಂದೆ ಕೂತು ಎಷ್ಟು ತೆಗೆದುಕೊಂಡೆ, ಎಷ್ಟು ಕಟ್ಟಿದೆ ಎಂದು ಹೇಳಿಬಿಡು. ಬೈಗುಳ ಬೀಳುತ್ತವೆ, ಬೀಳಲಿ. ಗೆಳೆಯರಿಗೂ ಒಂದು ಸಾಲು ಬರೆದು ಹಾಕು: ನನ್ನ ಹೆಸರಿನಲ್ಲಿ ಕೆಟ್ಟ ಫೋಟೊ ಬರಬಹುದು, ನಂಬಬೇಡಿ, ಅಳಿಸದೆ ನನಗೆ ಕಳಿಸಿ. ತಂಗೀ, ಫೋಟೊ ತಿರುಚಿ ಹೆದರಿಸುವುದು ನಿನ್ನಂಥವರನ್ನೇ ಹೆಚ್ಚು. ತಲೆ ತಗ್ಗಿಸಬೇಕಾದವನು ತಿರುಚಿದವನು.

ಪಡೆದ ಸಾಲ ತೀರಿಸಬೇಕು, ನಿಜ. ಆದರೆ ವಸೂಲಿಗೂ ಕಟ್ಟಳೆ ಇದೆ. ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ: ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಸಾಲದ ಆ್ಯಪ್ ನಿನ್ನ ಫೋನಿನ ನಂಬರುಗಳನ್ನೂ ಫೋಟೊಗಳನ್ನೂ ತೆಗೆಯುವಂತಿಲ್ಲ. ಸಾಲ ಕೊಟ್ಟ ಬ್ಯಾಂಕಿನ ಅಥವಾ ಹಣಕಾಸು ಕಂಪನಿಯ ಹೆಸರು, ಬಡ್ಡಿ, ಶುಲ್ಕ ಎಲ್ಲ ಮೊದಲೇ ಬರೆದು ಕೊಡಬೇಕು. ಕಟ್ಟುವ ಕಂತು ನೇರ ಆ ಸಂಸ್ಥೆಯ ಖಾತೆಗೇ ಹೋಗಬೇಕು. ಯಾರದೋ ಸ್ವಂತ ಯುಪಿಐಗೆ ಹಾಕು ಎಂದರೆ ಒಂದು ರೂಪಾಯಿಯನ್ನೂ ಹಾಕಬೇಡ.

ದೂರು ಕೊಟ್ಟು ಏನಾಗುತ್ತದೆ ಎನ್ನುವವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಜಾರಿ ನಿರ್ದೇಶನಾಲಯ ಇಂಥ ಸಾಲದ ಆ್ಯಪ್‌ಗಳ ವಿಚಾರದಲ್ಲಿ ಬೆಂಗಳೂರಿನಲ್ಲಿ ಶೋಧಿಸಿ, ಚೀನಾದವರ ಹಿಡಿತದಲ್ಲಿದ್ದ ಕಂಪನಿಗಳ ಸುಮಾರು 17 ಕೋಟಿ ರೂಪಾಯಿ ಜಪ್ತಿ ಮಾಡಿತು. ಅದಕ್ಕೆ ಬುಡವಾದದ್ದು ಬೆಂಗಳೂರು ಸೈಬರ್ ಠಾಣೆಯಲ್ಲಿ ದಾಖಲಾಗಿದ್ದ 18 ಪ್ರಕರಣ. ಅಂಜಿ ಕೂತಿದ್ದರೆ ಅದೊಂದೂ ಆಗುತ್ತಿರಲಿಲ್ಲ.

ಹಾಗಾಗಿ ಆ್ಯಪ್ ತೆಗೆದುಹಾಕುವ ಮೊದಲು ಬೆದರಿಕೆಯ ಮೆಸೇಜು, ನಂಬರು, ದುಡ್ಡು ಬಂದ-ಹೋದ ಲೆಕ್ಕ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಕಲಘಟಗಿ ಠಾಣೆಗೆ ಹೋಗಿ ಬರೆದು ಕೊಡು, ಒಬ್ಬನೇ ಹೋಗಬೇಡ.

ಅಪ್ಪನ ಮುಂದೆ ಬಾಯಿ ಬಾರದಿದ್ದರೆ ಸೋದರಮಾವನಿಗೆ ಹೇಳು, ನಮ್ಮಂಥ ಹಿರಿಯರ ಹತ್ತಿರ ಬಾ. ಸರಿರಾತ್ರಿ ಮನಸ್ಸು ಕುಸಿದು ಬದುಕೇ ಬೇಡ ಎನಿಸಿದರೆ 14416ಕ್ಕೆ ಫೋನ್ ಮಾಡು. ಅದು ಮನಸ್ಸು ನೊಂದವರಿಗಾಗಿ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನಮ್ಮ ಮನೆಯ ಕದ ಬಡಿದರೂ ಆದೀತು, ಎಷ್ಟು ಹೊತ್ತಾದರೂ.