ಅರಳುಮರಳೋ, ಸನ್ನಿಯೋ?

ಸುರಪುರದ ಬೆಟ್ಟಗಳ ನಡುವಿನಿಂದ ಹೊರಟ ರಸ್ತೆಯು ಶಹಾಪುರವನ್ನು ಹಾದು, ಭೀಮಾ ನದಿಯನ್ನು ದಾಟಿ ಯಾದಗಿರಿಯನ್ನು ಸೇರುತ್ತದೆ. ಶಹಾಪುರದ ಬಳಿ ಮಲಗಿದ ಬುದ್ಧನಂತೆ ತೋರುವ ಗುಡ್ಡಗಳ ಸಾಲನ್ನು ಪ್ರಯಾಣಿಕರು ಕತ್ತು ಹೊರಳಿಸಿ ನೋಡುವುದುಂಟು. ಆದರೆ ತೊಡೆಯ ಮೂಳೆ ಮುರಿದ ವೃದ್ಧೆಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸುತ್ತಿರುವ ಮನೆಯವರಿಗೆ ಆ ನೋಟದ ಗೊಡವೆ ಇರುವುದಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಮೂರೂ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಜಿಲ್ಲಾ ಆಸ್ಪತ್ರೆಯೆಂದರೆ ಅಲ್ಲಿಯವರೆಗೂ ಹೋಗಬೇಕಾಗಿತ್ತು. ಈಗ ದಾರಿ ಹತ್ತಿರವಾಗಿದೆ.

ಇಂತಹ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಎಪ್ಪತ್ತೈದರ ಅಜ್ಜಿಗೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದಿದೆ. ಎಚ್ಚರವಾದಾಗ ಆಕೆ ಮಗನನ್ನು ಹೆಸರು ಹಿಡಿದು ಕರೆದು ನೀರು ಕೇಳಿದ್ದಾಳೆ. ಎರಡನೆಯ ದಿನ ಕತ್ತಲು ಕವಿಯುತ್ತಲೇ ಆಕೆ ಬೇರೆಯವಳೇ ಆಗುತ್ತಾಳೆ. ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆ ಎನ್ನುತ್ತಾಳೆ. ಎಂದೋ ತೀರಿಹೋದ ಗಂಡನಿಗೆ ಬುತ್ತಿ ಕಟ್ಟಬೇಕು, ಹೊಲಕ್ಕೆ ಹೊತ್ತಾಯಿತು ಎಂದು ಕೈಗೆ ಚುಚ್ಚಿದ ನಳಿಕೆಯನ್ನು ಕಿತ್ತುಹಾಕುತ್ತಾಳೆ. ಎತ್ತಿ ಆಡಿಸಿದ ಮೊಮ್ಮಗನನ್ನೇ ಯಾರೆಂದು ಕೇಳುತ್ತಾಳೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಒಬ್ಬರು ನೆನೆಯುತ್ತಾರೆ. ಗಾಳಿ ಸೋಕಿದೆಯೆಂದು ಇನ್ನೊಬ್ಬರು ತಾಯಿತ ತರಲು ಹೊರಡುತ್ತಾರೆ. ಅರಿವಳಿಕೆಯ ಮದ್ದಿನಿಂದ ಹುಚ್ಚು ಹಿಡಿಯಿತೆಂದು ಮತ್ತೊಬ್ಬರು ಸಿಡುಕುತ್ತಾರೆ. ಮೂವರೂ ತಪ್ಪಿದ್ದಾರೆ, ಮೂರನೆಯವರು ಮಾತ್ರ ತುಸು ಕಡಿಮೆ.

ಈ ಸ್ಥಿತಿಗೆ ಕನ್ನಡದಲ್ಲಿ ಹಳೆಯದಾದರೂ ಸಮರ್ಪಕವಾದ ಹೆಸರೊಂದಿದೆ: ಸನ್ನಿ. ವಿಷಮಜ್ವರದಲ್ಲಿ ರೋಗಿ ಬಡಬಡಿಸಿದಾಗ ಹಿರಿಯರು ಆಡುತ್ತಿದ್ದ ಮಾತು ಅದು. ಅರಳುಮರಳು ವರ್ಷಗಳ ಅವಧಿಯಲ್ಲಿ ಮೆಲ್ಲನೆ ಬರುವಂಥದು. ಸನ್ನಿಯಾದರೋ ಗಂಟೆಗಳಲ್ಲಿ ಎರಗುತ್ತದೆ, ಒಂದೇ ದಿನದಲ್ಲಿ ಏರಿ ಇಳಿಯುತ್ತದೆ, ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತಗ್ಗುತ್ತದೆ. ಗಾಯಗೊಂಡ ಶರೀರದಲ್ಲಿ ಏಳುವ ಉರಿಯೂತವು ವಯಸ್ಸಾದ ಮಿದುಳನ್ನೂ ಕದಡಬಲ್ಲದು. ಅದರ ಜೊತೆಗೆ ನೋವು, ನಿದ್ರೆಗೇಡು, ಮೂತ್ರದ ಸೋಂಕು, ಮಲಬದ್ಧತೆ, ಕೆಲವು ಬಗೆಯ ನಿದ್ರೆಯ ಗುಳಿಗೆ ಇವೂ ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಉಷ್ಣತೆ ನಲವತ್ತು ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ದೇಹದ ನೀರು ಆರುವುದು ಸಣ್ಣ ಕಾರಣವಲ್ಲ. ಬಹುಕಾಲದ ಮದ್ಯಪಾನ ಏಕಾಏಕಿ ನಿಂತಾಗಲೂ ಸನ್ನಿ ತಲೆದೋರುತ್ತದೆ. ಸಂಕೋಚದಿಂದ ಆ ಸಂಗತಿಯನ್ನು ವೈದ್ಯರಿಂದ ಮುಚ್ಚಿಡುವ ಮನೆಯವರು ರೋಗಿಗೆ ತಿಳಿಯದೆ ಕೇಡು ಮಾಡುತ್ತಾರೆ. ಕೂಗಾಡುವ ರೋಗಿಯ ಕಡೆಗೆ ಎಲ್ಲರೂ ಓಡಿಬರುತ್ತಾರೆ. ಮಾತು ಬಿಟ್ಟು, ಊಟ ಬಿಟ್ಟು, ಮಂಕಾಗಿ ಮಲಗಿದ ರೋಗಿಯನ್ನು ಪಾಪ, ದಣಿದಿದ್ದಾಳೆ ಎಂದು ಸುಮ್ಮನೆ ಬಿಡುತ್ತಾರೆ. ಅದೂ ಸನ್ನಿಯೇ ಆಗಿರಬಹುದು.

ಇದು ಒಂದು ಸೀಮೆಯ ಸಮಸ್ಯೆಯಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಹಿರಿಯರು ಮೊದಲಿನಂತಿಲ್ಲವೆಂದು ಮನೆಮಂದಿ ಹೇಳುತ್ತಿದ್ದ ದೂರನ್ನು ಇಂಗ್ಲೆಂಡಿನ ಬೆಡ್‌ಫರ್ಡ್ ಎಂಬ ವೈದ್ಯರು ತಳ್ಳಿಹಾಕದೆ, 1955ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ, ಅರವತ್ತು ದಾಟಿದ 1,218 ಮಂದಿಯ ನೆನಪು ಮತ್ತು ಗಮನಶಕ್ತಿಗಳನ್ನು ಅಳೆಯಿತು. ಒಂದು ವಾರದ ನಂತರ ನೂರಕ್ಕೆ ಸುಮಾರು 26 ಮಂದಿಯಲ್ಲಿ ಕುಗ್ಗು ಕಂಡಿತು. ಮೂರು ತಿಂಗಳ ನಂತರವೂ ನೂರಕ್ಕೆ ಸುಮಾರು 10 ಮಂದಿಯಲ್ಲಿ ಅದು ಉಳಿದಿತ್ತು. ಶಸ್ತ್ರಚಿಕಿತ್ಸೆಯಿಲ್ಲದ ಸಮವಯಸ್ಕರಲ್ಲಿ ಈ ಪ್ರಮಾಣ ನೂರಕ್ಕೆ ಮೂರರಷ್ಟು ಮಾತ್ರ. ಬೆಡ್‌ಫರ್ಡರು ಅರಿವಳಿಕೆಯನ್ನು ಶಂಕಿಸಿದ್ದರು. ಆದರೆ 2021ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಸೊಂಟದ ಮೂಳೆ ಮುರಿದ 1,600 ರೋಗಿಗಳನ್ನು ಪರೀಕ್ಷಿಸಿದಾಗ, ಪೂರ್ಣ ಅರಿವಳಿಕೆ ಕೊಟ್ಟವರಲ್ಲಿಯೂ ಬೆನ್ನಿಗೆ ಮಾತ್ರ ಮದ್ದು ಕೊಟ್ಟವರಲ್ಲಿಯೂ ಐವರಲ್ಲಿ ಒಬ್ಬರಂತೆ ಸನ್ನಿ ಕಾಣಿಸಿಕೊಂಡಿತು. ಆದುದರಿಂದ ದೋಷವನ್ನೆಲ್ಲ ಅರಿವಳಿಕೆಯ ತಲೆಗೆ ಕಟ್ಟುವುದು ಸಲ್ಲದು.

ಸನ್ನಿಯನ್ನು ತಡೆಯುವ ಉಪಾಯಗಳು ಆಶ್ಚರ್ಯವಾಗುವಷ್ಟು ಸರಳ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಅವರು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲದಿದ್ದರೂ ಪಾಠ ಇಲ್ಲಿಗೂ ಒಪ್ಪುತ್ತದೆ. ದಿನ, ಊರು, ಜನರನ್ನು ನೆನಪಿಸುತ್ತ ಮಾತನಾಡಿಸುವುದು, ಕನ್ನಡಕ ಮತ್ತು ಶ್ರವಣಯಂತ್ರಗಳನ್ನು ಒದಗಿಸುವುದು, ನೀರು ಕುಡಿಸುವುದು, ಬೇಗ ಎಬ್ಬಿಸಿ ನಡೆಸುವುದು, ರಾತ್ರಿ ಸದ್ದಿಲ್ಲದಂತೆ ನೋಡಿಕೊಳ್ಳುವುದು — ಇಷ್ಟರಿಂದಲೇ ನೂರಕ್ಕೆ 15 ಇದ್ದ ಸನ್ನಿ 10ಕ್ಕೆ ಇಳಿಯಿತು. ನಮ್ಮಲ್ಲಿ ಕಳೆದುಹೋದೀತೆಂಬ ಭಯದಿಂದ ಅಜ್ಜಿಯ ಕನ್ನಡಕವನ್ನು ಮನೆಯ ಗೂಡಿನಲ್ಲೇ ಬಿಟ್ಟು ಬರುತ್ತಾರೆ. ಕಣ್ಣೂ ಕಾಣದೆ, ಕಿವಿಯೂ ಕೇಳದೆ, ಗುರುತಿಲ್ಲದ ಕೋಣೆಯಲ್ಲಿ ಕತ್ತಲಾದರೆ ಯಾರ ಮನಸ್ಸು ತಾನೇ ತಳಮಳಿಸದು?

ಆಸ್ಪತ್ರೆಯವರು ಎಷ್ಟೇ ನುರಿತವರಾಗಿದ್ದರೂ ಈ ಅಜ್ಜಿ ಮೊನ್ನೆಯವರೆಗೆ ಹೇಗಿದ್ದಳೆಂಬುದು ಅವರಿಗೆ ತಿಳಿಯದು. ಅದನ್ನು ಬಲ್ಲವರು ಮನೆಯವರು. ಕಲ್ಪಿಸಿಕೊಂಡ ಕುಟುಂಬದಲ್ಲಿ ತಾಯಿತಕ್ಕಾಗಿ ಹೊರಟವರನ್ನು ತಡೆದು ಮೊಮ್ಮಗನು ದಾದಿಯ ಬಳಿಗೆ ಹೋಗುತ್ತಾನೆ. ಬಿದ್ದ ದಿನದವರೆಗೂ ಅಜ್ಜಿ ಸಂತೆಯ ಲೆಕ್ಕವನ್ನು ತಪ್ಪದೆ ಹೇಳುತ್ತಿದ್ದಳು, ನಿನ್ನೆ ಮಧ್ಯಾಹ್ನವೂ ತನ್ನನ್ನು ಗುರುತಿಸಿದ್ದಳು ಎಂದು ತಿಳಿಸುತ್ತಾನೆ. ಆ ಮಾತನ್ನು ಕೇಳಿದ ವೈದ್ಯರು ಕಾರಣ ಹುಡುಕಲು ತೊಡಗುತ್ತಾರೆ; ಮೂತ್ರದ ಸೋಂಕು ಪತ್ತೆಯಾಗುತ್ತದೆ. ರಾತ್ರಿಯೆಲ್ಲ ಮಗ ಕೈ ಹಿಡಿದು ಕುಳಿತಿದ್ದು, ತನ್ನ ಹೆಸರನ್ನೂ ಊರನ್ನೂ ಮೆಲ್ಲನೆ ಹೇಳುತ್ತಿರುತ್ತಾನೆ.

ಎಲ್ಲರೂ ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆಂದಲ್ಲ. ಮೊದಲೇ ಒಳಗೊಳಗೆ ಆರಂಭವಾಗಿದ್ದ ಮರೆವಿನ ರೋಗ ಕೆಲವರಲ್ಲಿ ಈ ಸಂದರ್ಭದಲ್ಲಿ ಬೆಳಕಿಗೆ ಬರುತ್ತದೆ. ಹೊಲಿಗೆ ಬಿಚ್ಚಿ ಮನೆಗೆ ಮರಳಿದ ಮೇಲೂ ಮೂರು ತಿಂಗಳ ಕಾಲ ಗಮನವಿಡಬೇಕಾಗುತ್ತದೆ. ಒಲೆಯ ಮೇಲಿಟ್ಟದ್ದನ್ನು ಮರೆಯುವುದು, ಸಂತೆಯ ಲೆಕ್ಕ ಮತ್ತೆ ಮತ್ತೆ ತಪ್ಪುವುದು ಕಂಡುಬಂದರೆ ಆಕೆಯನ್ನು ಪುನಃ ಅದೇ ರಸ್ತೆಯಲ್ಲಿ, ಭೀಮೆಯನ್ನು ದಾಟಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು.