ಪಿನಾಂಗಿಗೆ ಹೊರಟ ಕೂಸಿಗೆ

ಮುಳ್ಳೇರಿಯ

ಪ್ರೀತಿಯ ಕೂಸೇ,

ಮೇ ತಿಂಗಳ ರಜೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಮಲೇಶಿಯಾ, ಸಿಂಗಾಪುರಕ್ಕೆ ಹೋಗಿ ಬರುತ್ತೇನೆಂದು ನೀನು ಹೇಳಿದ್ದು ಕೇಳಿ ತುಂಬ ಸಂತೋಷವಾಯಿತು. ನಮ್ಮ ಕಡೆ ವಿಮಾನ ಹತ್ತಿದವರಿಗೆ ಬರವಿಲ್ಲ. ಕಾಸರಗೋಡಿನ ಎಷ್ಟೋ ಮನೆಗಳಿಂದ ಗಲ್ಫಿಗೆ ಹೋದವರಿದ್ದಾರೆ, ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗಿ ಬಂದವರಿದ್ದಾರೆ. ಆದರೆ ಬರೀ ನೋಡುವುದಕ್ಕೆಂದು, ತಾವೇ ದುಡ್ಡು ಕೂಡಿಸಿ, ತೋಟದ ಮನೆಯಿಂದ ಹೊರಬೀಳುವವರು ಕಡಿಮೆ. ಅಂಥವರಿಗೆ ಇದು ಮತ್ತೆ ಮತ್ತೆ ಬರುವ ಅವಕಾಶವಲ್ಲ. ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಹೊರಡುವ ಬೇರೆ ಮಕ್ಕಳೂ ಓದಲಿ ಎಂದು ಪತ್ರಿಕೆಗೂ ಕೊಡುತ್ತೇನೆ.

ಕಾಗದಪತ್ರದ ವಿಷಯದಲ್ಲಿ ಬಹಳ ಬಿಗಿಯಾಗಿರು, ನೋಡುವ ಜಾಗಗಳ ಪಟ್ಟಿಯಲ್ಲಿ ಸಡಿಲವಾಗಿರು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ದಿನಕ್ಕೆ ಏಳೆಂಟು ಜಾಗಗಳನ್ನು ಗುರುತು ಹಾಕಿಟ್ಟುಕೊಳ್ಳುತ್ತಾರೆ, ಪಾಸ್‌ಪೋರ್ಟನ್ನು ಮಾತ್ರ ಹೊರಡುವ ವಾರ ಬಿಡಿಸಿ ನೋಡುತ್ತಾರೆ.

ನಿನ್ನ ಪಾಸ್‌ಪೋರ್ಟಿನ ಚಿಂತೆ ನನಗಿಲ್ಲ. ನಿನ್ನ ಅಪ್ಪ ಅಮ್ಮನದು, ಎಂದರೆ ನಮ್ಮ ಅಣ್ಣ ಅತ್ತಿಗೆಯದು, ಹೊಸದಾಗಿ ಆಗಬೇಕು, ಅದಕ್ಕೆ ಈಗಲೇ ಕೈಹಾಕು. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ಅರುವತ್ತು ದಾಟಿದವರಿಗೆ ಅದರಲ್ಲಿ ಶೇಕಡಾ ಹತ್ತು ರಿಯಾಯಿತಿ ಉಂಟು, ಹತ್ತು ವರ್ಷ ಬಾಳಿಕೆ. ದುಡ್ಡಿಗಿಂತ ಕಷ್ಟದ್ದು ಹೆಸರು. ನಮ್ಮ ಗಡಿನಾಡಿನವರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಮೊದಲು, ಆಧಾರಿನಲ್ಲಿ ಕೊನೆಗೆ. ಇನ್ನೊಂದು ಕಾಗದದಲ್ಲಿ ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗಿ ಒಂದಕ್ಷರ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದಿರುತ್ತದೆ. ಭಟ್ ಎಂಬ ಒಂದು ಸಣ್ಣ ಹೆಸರನ್ನೇ ಮೂರು ಬಗೆಯಲ್ಲಿ ಬರೆದದ್ದನ್ನು ಒಂದೇ ಮನೆಯ ಕಡತದಲ್ಲಿ ನೋಡಿದ್ದೇನೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಉಪನಾಮದ ಜಾಗವನ್ನು ಖಾಲಿ ಬಿಡಬೇಡ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂಬ ವಿನಾಯಿತಿ ಬಂದದ್ದು ಅನಂತರ. ಅಣ್ಣ ಈಗ ದುಬೈಗೆ ಹೋಗುವುದಿಲ್ಲ ನಿಜ. ಆದರೆ ಹತ್ತು ವರ್ಷ ಬಾಳುವ ಪುಸ್ತಕ ಅದು. ಆಧಾರ್ ತಿದ್ದುಪಡಿ ಮೊದಲು, ಅರ್ಜಿ ಆಮೇಲೆ. ಠಾಣೆಯಿಂದ ವಿಚಾರಣೆಗೆ ಬರುವ ಹೊತ್ತಿಗೆ ಇಬ್ಬರೂ ಮನೆಯಲ್ಲಿರಲಿ, ಅತ್ತಿಗೆ ತವರಿಗೆ ಹೋಗಿ ಕೂತರೆ ಕೆಲಸ ಹದಿನೈದು ದಿನ ಹಿಂದೆ ಬೀಳುತ್ತದೆ. ಟಿಕೇಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದಬೇಕು, ಆದ್ದರಿಂದ ಪುಸ್ತಕ ಕೈಗೆ ಬಾರದೆ ಟಿಕೇಟು ಮಾಡಬೇಡ. ನಿನ್ನ ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿದೆಯೇ ನೋಡು. ಮಲೇಶಿಯಾ, ಸಿಂಗಾಪುರ ಎರಡೂ ಅದನ್ನು ಕೇಳುತ್ತವೆ.

ಮಲೇಶಿಯಾ 2023ರ ಡಿಸೆಂಬರ್ 1ರಿಂದ ನಮ್ಮವರನ್ನು ವೀಸಾ ಇಲ್ಲದೆ 30 ದಿನಕ್ಕೆ ಬಿಡುತ್ತಿದೆ. ಇಂಥ ಸವಲತ್ತಿಗೆ ಗಡುವು ಇರುತ್ತದೆ, ಟಿಕೇಟು ಮಾಡುವ ದಿನ ಇನ್ನೊಮ್ಮೆ ನೋಡಿಕೋ. ಸಿಂಗಾಪುರಕ್ಕೆ ವೀಸಾ ಬೇಕು, ಮಾನ್ಯತೆ ಪಡೆದ ಏಜೆಂಟರ ಮೂಲಕ ಆಗುತ್ತದೆ. ಎರಡೂ ದೇಶಗಳಿಗೆ ಆಗಮನದ ಕಾರ್ಡನ್ನು ತಲಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದರೆ ಅದು ಸರಕಾರದ ತಾಣವೇ ಅಲ್ಲ ಎಂದು ತಿಳಿ. ವಿಮೆ ತಪ್ಪದೆ ಮಾಡಿಸು. ಅಣ್ಣನ ಬಿಪಿಯನ್ನು ಅದರಲ್ಲಿ ಮುಚ್ಚಿಡದೆ ಬರೆ.

ಇನ್ನು ಪೆಟ್ಟಿಗೆ. ಇಲ್ಲಿ ಅತ್ತಿಗೆಯ ಜೊತೆ ನಿನಗೆ ಸ್ವಲ್ಪ ಜಗಳವಾದೀತು, ಆಗಲಿ. ಕೊಬ್ಬರಿ ಹಾಕಬೇಡ. ಎಣ್ಣೆ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಎಂದು ವಿಮಾನಯಾನದ ಪಟ್ಟಿಯಲ್ಲಿದೆ, 2022ರಿಂದ ನಮ್ಮ ದೇಶದಲ್ಲೂ ಅದನ್ನು ಲಗೇಜಿನಲ್ಲಿ ಬಿಡುವುದಿಲ್ಲ. ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸದ ಸಾಮಾನು, ಸಿಂಗಾಪುರದಲ್ಲಿ ಅಫೀಮಿನ ಗಿಡದ ಬೀಜ, ನಿಷಿದ್ಧ. ಯುಎಇಯಲ್ಲೂ ಹಾಗೆಯೇ. ಅಣ್ಣನಿಗೆ ಊಟವಾದ ಮೇಲೆ ಕವಳ ಬೇಕು, ಕವಳಕ್ಕೆ ಹೊಗೆಸೊಪ್ಪು ಬೇಕು. ಜಗಿಯುವ ಹೊಗೆಸೊಪ್ಪನ್ನು ಸಿಂಗಾಪುರದೊಳಗೆ ಒಯ್ಯುವಂತಿಲ್ಲ, ರಸ್ತೆಯಲ್ಲಿ ಉಗುಳಿದರೆ ದಂಡ. ಇದನ್ನು ವಿಮಾನ ನಿಲ್ದಾಣದಲ್ಲಿ ಹೇಳಿ ಅವನನ್ನು ಪೇಚಿಗೆ ಸಿಲುಕಿಸಬೇಡ. ಎರಡು ತಿಂಗಳು ಮೊದಲೇ ಮೆಲ್ಲಗೆ ಹೇಳು, ಕಡಿಮೆ ಮಾಡುತ್ತ ಬರಲಿ. ಮದ್ದುಗಳನ್ನು ಅಂಗಡಿಯ ಪೊಟ್ಟಣದಲ್ಲೇ, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿಡು. ನಿದ್ದೆಯ ಮಾತ್ರೆಗೂ ಕೊಡೀನ್ ಇರುವ ಕೆಮ್ಮಿನ ಔಷಧಕ್ಕೂ ಸಿಂಗಾಪುರದ ಮುಂಗಡ ಅನುಮತಿ ಬೇಕಾಗುತ್ತದೆ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು. ಅಲ್ಲಿನ ಪ್ಲಗ್ಗಿಗೆ ಚಪ್ಪಟೆ ಮೂರು ಕಡ್ಡಿ, ನಮ್ಮ ದುಂಡು ಕಡ್ಡಿ ಹೊಗುವುದಿಲ್ಲ, ಒಂದು ಅಡಾಪ್ಟರ್ ಕೊಂಡುಕೋ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಬೇರೆಯವರ ಪೊಟ್ಟಣ ಒಯ್ಯಬೇಡ. ನೀನು ಹೊರಡುವ ಸುದ್ದಿ ಪೇಟೆಯಲ್ಲಿ ಹಬ್ಬಿದ ಕೂಡಲೇ ಯಾರೋ ಬರುತ್ತಾರೆ, ಮಗನಿಗೆ ಉಪ್ಪಿನಕಾಯಿ, ಭಾವನಿಗೆ ಬಟ್ಟೆ ಎನ್ನುತ್ತಾರೆ. ಒಳಗೇನಿದೆ ಎಂದು ತಂದವರಿಗೇ ತಿಳಿಯದಿರಬಹುದು. ಸಿಂಗಾಪುರದಲ್ಲಿ ಮಾದಕದ್ರವ್ಯ ಸಾಗಿಸಿದ್ದಕ್ಕೆ ಮರಣದಂಡನೆಯವರೆಗೆ ಶಿಕ್ಷೆಯುಂಟು, ಪೊಟ್ಟಣ ಯಾರದೆಂದು ಅವರು ನಿನ್ನ ಮಾತು ನಂಬಬೇಕಾಗಿಲ್ಲ. ದಾಕ್ಷಿಣ್ಯ ಮಾಡಬೇಡ. ನಿನಗೆ ಹೇಳಲಾಗದಿದ್ದರೆ ಅಪ್ಪಚ್ಚಿ ಬೇಡವೆಂದಿದ್ದಾರೆ ಎನ್ನು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2020ರ ಬಳಿಕ ಬ್ಯಾಂಕುಗಳು ಕೊಡುವ ಕಾರ್ಡು ಮೊದಲಿಗೆ ಭಾರತದೊಳಗೆ ಮಾತ್ರ ನಡೆಯುತ್ತದೆ, ವಿದೇಶದ ಬಳಕೆಯನ್ನು ನೀನೇ ತೆರೆಯಬೇಕು. ಎರಡು ಬೇರೆ ಬ್ಯಾಂಕುಗಳ ಕಾರ್ಡಿರಲಿ, ಎರಡೂ ಒಂದೇ ಚೀಲದಲ್ಲಿರುವುದು ಬೇಡ. ಒಟಿಪಿ ಬರಬೇಕಾದ ಸಿಮ್ಮಿಗೆ ರೋಮಿಂಗ್ ಮಾಡಿಸು. ಸ್ವಲ್ಪ ರಿಂಗಿಟ್ ಕೈಯಲ್ಲಿರಲಿ, ಸಣ್ಣ ಅಂಗಡಿಗಳಿಗೆ ಅದೇ ಬೇಕು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ನೀನು ಕಳಿಸಿದ ಪಟ್ಟಿಯಲ್ಲಿ ಕೌಲಾಲಂಪುರದ ಜೋಡಿ ಗೋಪುರ, ಗಾಜಿನ ಸೇತುವೆ, ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋ, ಮೂರು ಮಾಲ್ ಇವೆಲ್ಲ ಉಂಟು. ಮಕ್ಕಳಿದ್ದರೆ ಬೇರೆ ಮಾತು. ನಿನ್ನ ಜೊತೆ ಬರುವವರು ಬದುಕಿಡೀ ತೋಟ ಮಾಡಿದ ಇಬ್ಬರು. ಅವರಿಗೆ ತಿಳಿದದ್ದು ಮರ, ಮಣ್ಣು, ಮಳೆ. ಆ ತಿಳಿವಳಿಕೆ ಕೆಲಸಕ್ಕೆ ಬರುವ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗು. ಗಾಜಿನ ಸೇತುವೆಯ ಮೇಲೆ ಅಣ್ಣ ಹೆದರಿ ನಿಂತಾನು. ಮಲೇಶಿಯಾದ ಪಿನಾಂಗಿನಲ್ಲಿ ಅವನೇ ನಿನಗೆ ವಿವರಿಸುತ್ತ ಮುಂದೆ ನಡೆದಾನು.

ಪಿನಾಂಗ್ ರಾಜ್ಯದ ಧ್ವಜದ ನಟ್ಟನಡುವೆ ಇರುವುದು ಅಡಿಕೆ ಮರ. ನಮ್ಮ ಜಾಯಿಕಾಯಿಯೂ ಅಲ್ಲಿ ಬೆಳೆಯುತ್ತದೆ. 18ನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪೆನಿಯವರು ಮೊಲುಕ್ಕಾ ದ್ವೀಪಗಳಿಂದ ಅದನ್ನು ತಂದು ಅಲ್ಲಿ ನೆಡಿಸಿದರು. ನಾವು ಅಡಿಕೆ ತೋಟದ ನಡುವೆ ಜಾಯಿಕಾಯಿ ಬೆಳೆಸಿ, ಜಾಪತ್ರೆಯನ್ನೂ ಕಾಯಿಯನ್ನೂ ತೆಗೆದು, ದಪ್ಪದ ಹೊರಸಿಪ್ಪೆಯನ್ನು ಬುಡಕ್ಕೇ ಬಿಸಾಡುತ್ತೇವೆ. ಪಿನಾಂಗಿನ ಜಾರ್ಜ್ ಟೌನ್ ಪೇಟೆಯ ಚೌರಸ್ತಾ ಮಾರುಕಟ್ಟೆಯಲ್ಲಿ ಆ ಸಿಪ್ಪೆಯದೇ ವ್ಯಾಪಾರ. ನಾನೂ ನಿನ್ನ ಚಿಕ್ಕಮ್ಮನೂ ಅಲ್ಲಿ ಒಂದು ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆವು. ಗಾಜಿನ ಭರಣಿಗಳಲ್ಲಿ ಸಿಪ್ಪೆಯನ್ನು ಎಳೆ ಎಳೆಯಾಗಿ ಹೆರೆದು ಸಕ್ಕರೆ ಹಾಕಿ ಒಣಗಿಸಿದ್ದು, ಉಪ್ಪು ಸಕ್ಕರೆಯ ನೀರಿನಲ್ಲಿ ಹೋಳಾಗಿ ಮುಳುಗಿಸಿದ್ದು, ಕಪ್ಪಗೆ ಬಾಡಿಸಿದ್ದು. ಅಂಗಡಿಯಾಕೆ ಚಿಕ್ಕಮ್ಮನ ಅಂಗೈಗೆ ಒಂದೊಂದು ಬಗೆಯದನ್ನು ಹಾಕಿದರು. ಮೊದಲು ಸಿಹಿ, ಆಮೇಲೆ ನಾಲಗೆಯ ಬದಿಗೆ ಸಣ್ಣ ಒಗರು, ಕೊನೆಗೆ ಮೂಗಿನವರೆಗೆ ಏರುವ ಕಂಪು. ಚಿಕ್ಕಮ್ಮ ಕೈಸನ್ನೆಯಲ್ಲೇ ಕೇಳಿದಳು: ಬೇಯಿಸುತ್ತೀರೋ, ಹಸಿಯೋ? ಆಕೆ ಕೈಸನ್ನೆಯಲ್ಲೇ ಹೇಳಿದರು. ಅತ್ತಿಗೆಯನ್ನು ಅಲ್ಲಿಗೆ ಕರೆದೊಯ್ಯದೆ ಬರಬೇಡ. ಜಾಯಿಕಾಯಿ ಸಿಪ್ಪೆಯ ಶರಬತ್ತೂ ಸಿಗುತ್ತದೆ, ಕುಡಿಸು. ಚೆಂಪೆದಕ್ ಎಂಬ ಹಲಸಿನ ದಾಯಾದಿ ಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರುತ್ತಾರೆ, ನಮ್ಮ ಪೋಡಿಯದೇ ಕ್ರಮ. ಬೀಜವನ್ನೂ ಬಿಡದೆ ತಿನ್ನಬಹುದು.

ಸಿಂಗಾಪುರದಲ್ಲಿ ಒಂದು ಇಡೀ ಬೆಳಗ್ಗೆಯನ್ನು ಸಸ್ಯೋದ್ಯಾನಕ್ಕೆ ಕೊಡು. 1859ರ ಉದ್ಯಾನ ಅದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಳಗ್ಗೆ ಐದಕ್ಕೇ ತೆರೆಯುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಟಿಕೇಟು. ಬ್ರೆಜಿಲಿನಿಂದ 1876ರಲ್ಲಿ ಲಂಡನಿನ ಕ್ಯೂ ತೋಟಕ್ಕೆ ಹೋದ ರಬ್ಬರ್ ಬೀಜಗಳ 22 ಸಸಿಗಳು ಮರುವರ್ಷ ಸಿಂಗಾಪುರಕ್ಕೆ ಬಂದವು. ಸಿಂಗಾಪುರದ ಈ ಉದ್ಯಾನದ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ, ಮರಕ್ಕೆ ಪೆಟ್ಟಾಗದಂತೆ ತೊಗಟೆಯನ್ನು ತೆಳುವಾಗಿ ಸೀಳುತ್ತ ದಿನಾ ಹಾಲು ಇಳಿಸುವ ಕ್ರಮವನ್ನು ರೂಢಿಗೆ ತಂದರು. ನಮ್ಮ ಗುಡ್ಡದಲ್ಲಿ ಮುಂಜಾನೆ ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವವರ ಕೈಯ ಆ ಓರೆ ಗೀಟು ಶುರುವಾದದ್ದು ಅಲ್ಲಿ. ಅದೇ ಮರದ ಹಿಂದೆ ಮಲಯಾಕ್ಕೆ ದುಡಿಯಲು ಹೋದ ತಮಿಳರ, ಮಲಯಾಳಿಗಳ ಮೊಮ್ಮಕ್ಕಳು ಈಗ ಪಿನಾಂಗಿನಲ್ಲಿ ನಿಮಗೆ ಬಾಳೆಲೆ ಹಾಕಿ ಬಡಿಸುತ್ತಾರೆ. ಅಣ್ಣನಿಗೆ ಇದನ್ನು ಹೊರಡುವ ಮುಂಚೆಯೇ ಓದಿ ಹೇಳು. ಗೊತ್ತಿದ್ದು ನೋಡಿದಾಗ ಕಣ್ಣಿಗೆ ಹೆಚ್ಚು ಬೀಳುತ್ತದೆ.

ದಿನಕ್ಕೆ ಒಂದು ಜಾಗ ಸಾಕು. ಮಧ್ಯಾಹ್ನ ಊಟವಾಗಿ ಒಂದು ಗಳಿಗೆ ಮಲಗಿ ಏಳಲಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಮೊದಲ ಎರಡು ದಿನ ಅವರಿಗೆ ಬೆಳಗ್ಗೆ ಏಳಲು ಕಷ್ಟವಾಗುತ್ತದೆ. ಕೌಲಾಲಂಪುರದಿಂದ ಪಿನಾಂಗಿಗೆ ವಿಮಾನ ಬೇಡ. ಬಟರ್‌ವರ್ತ್‌ವರೆಗೆ ನಾಲ್ಕು ಗಂಟೆಯ ರೈಲು, ಅಲ್ಲಿಂದ ದೋಣಿ. ಕಿಟಕಿಯ ಹೊರಗೆ ಎಣ್ಣೆತಾಳೆ ತೋಟ ಮುಗಿಯುವುದೇ ಇಲ್ಲ, ಕೃಷಿಕನಿಗೆ ಅದೇ ಒಂದು ಪಾಠ. ಸಂಜೆಗೆ ಗುಡುಗಿ ಮಳೆ ಸುರಿದರೆ ಕೋಣೆಯಲ್ಲಿ ಕೂತು ಬೇಸರಪಡಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಕಾಣುವ ಊರಿನವರಿಗೆ ಸಿಂಗಾಪುರದ ಎರಡು ಸಾವಿರದ ಚಿಲ್ಲರೆ ಯಾವ ಲೆಕ್ಕ?

ಭಾಷೆಯ ಹೆದರಿಕೆಯೂ ಬೇಡ. ಕಾಸರಗೋಡಿನವರಿಗೆ ಪೂರ್ತಿ ತಿಳಿಯದ ಮಾತಿನ ನಡುವೆ ಬದುಕುವುದು ಹುಟ್ಟಿನಿಂದಲೇ ಅಭ್ಯಾಸ. ಅಣ್ಣ ಮನೆಯಲ್ಲಿ ಹವ್ಯಕ, ಕೆಲಸದವರೊಡನೆ ತುಳು, ಪಂಚಾಯತಿನಲ್ಲಿ ಮಲಯಾಳ, ಸಭೆಯಲ್ಲಿ ಪುಸ್ತಕದ ಕನ್ನಡ ಆಡುವವನು. ಒಂದೇ ಭಾಷೆಯ ಊರಲ್ಲಿ ಬೆಳೆದವರಿಗೆ ಈ ಧೈರ್ಯ ಸುಲಭಕ್ಕೆ ಬರುವುದಿಲ್ಲ. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು, ಮಲಯಾಳ ಬಲ್ಲವನಿಗೆ ಅದು ಅರ್ಧ ಅರ್ಥವಾದೀತು. ಅವನನ್ನೇ ಮುಂದೆ ಬಿಟ್ಟು ದಾರಿ ಕೇಳಿಸು, ನೀನು ಹಿಂದಿರು. ಎಲ್ಲವನ್ನೂ ಫೋನಿನಲ್ಲಿ ನೀನೇ ಹುಡುಕಿ ಮುಗಿಸಿದರೆ ಅವರಿಬ್ಬರೂ ಬರೀ ನಿನ್ನ ಬೆನ್ನು ನೋಡುತ್ತ ನಡೆದ ಹಾಗಾಗುತ್ತದೆ.

ಊಟಕ್ಕೆ ಎರಡು ಮಾತು. ಸಿಂಗಾಪುರದ ಸೆರಂಗೂನ್ ರಸ್ತೆಯಲ್ಲಿ ಕೋಮಳವಿಲಾಸ ಎಂಬ ಸಸ್ಯಾಹಾರಿ ಹೋಟೆಲು 1947ರಿಂದ ಇದೆ, ಅತ್ತಿಗೆಗೆ ಅಲ್ಲಿ ನೆಮ್ಮದಿ. ಮಲೇಶಿಯಾದ ಸಂಬಲ್ ಎಂಬ ಮೆಣಸಿನ ಚಟ್ನಿಯಲ್ಲಿ ಹೆಚ್ಚಾಗಿ ಸಿಗಡಿಯ ಮುದ್ದೆ ಇರುತ್ತದೆ, ಹೆಸರು ಬೆಲಚಾನ್. ಸೊಪ್ಪಿನ ಪಲ್ಯಕ್ಕೂ ಅದನ್ನು ಹಾಕುವುದುಂಟು, ಆದ್ದರಿಂದ ಸಸ್ಯಾಹಾರ ಎಂದರೆ ಸಾಲದು, ಬೆಲಚಾನ್ ಬೇಡ ಎಂದು ಬಿಡಿಸಿ ಹೇಳಬೇಕು.

ಮಂಗಳೂರಿನಿಂದ ಹೊರಡುವ ವಿದೇಶದ ವಿಮಾನಗಳು ಹೆಚ್ಚಾಗಿ ಗಲ್ಫಿನ ಕಡೆಗೆ. ನಿಮಗೆ ಕೊಚ್ಚಿ ಅನುಕೂಲ. ಕಾಸರಗೋಡಿನಿಂದ ರಾತ್ರಿಯ ರೈಲಿನಲ್ಲಿ ಆಲುವಾ, ಅಲ್ಲಿಂದ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ ಹತ್ತಿರ. ವಿಮಾನದ ದಿನವೇ ಹೊರಟು ಓಡಬೇಡಿ, ಒಂದು ದಿನ ಮುಂಚೆ ಹೋಗಿ ತಂಗಿ. ಅಣ್ಣನ ಮೊಣಕಾಲಿಗೆ ವೀಲ್‌ಚೇರ್ ಬೇಕೆಂದು ಎರಡು ದಿನ ಮೊದಲೇ ವಿಮಾನದವರಿಗೆ ತಿಳಿಸು. ಅವನು ಬೇಡವೆನ್ನುತ್ತಾನೆ, ನಾನು ಒಪ್ಪಿಸುತ್ತೇನೆ.

ತೋಟದ ಚಿಂತೆ ಯಾರಿಗೂ ಬೇಡ. ಮೇಯಲ್ಲಿ ಮಳೆ ಹಿಡಿಯುವವರೆಗೆ ನೀರು ಬಿಡುವ ಕೆಲಸ ನನ್ನದು. ದನಗಳನ್ನು ಚಿಕ್ಕಮ್ಮ ನೋಡುತ್ತಾಳೆ, ಹಾಲು ಸೊಸೈಟಿಗೆ ನಾನೇ ಕೊಡುತ್ತೇನೆ. ಸ್ಪ್ರಿಂಕ್ಲರಿನ ಯಾವ ವಾಲ್ವ್ ಯಾವ ಕಡೆಗೆ, ಪಂಪು ಎಷ್ಟು ಹೊತ್ತು ಓಡಿದರೆ ಕೆರೆ ತಳ ಕಾಣುತ್ತದೆ ಎಂಬುದನ್ನು ಅಣ್ಣ ಒಂದು ಚೀಟಿಯಲ್ಲಿ ಬರೆದು ಪಂಪುಶೆಡ್ಡಿನ ಗೋಡೆಗೆ ಅಂಟಿಸಿಡಲಿ. ಈ ಆದಿತ್ಯವಾರ ಆಧಾರ್ ಕಾರ್ಡುಗಳನ್ನು ತೆಗೆದುಕೊಂಡು ಬಾ, ಕೂತು ಅರ್ಜಿ ತುಂಬೋಣ.

ನಿನ್ನ
ಅಪ್ಪಚ್ಚಿ